ಮೇಲಿನ ಹಳದಿ, ಕೆಳಗಿನ ಕೆಂಪು

ಅಮೂರ್ತ ಚಿತ್ರಗಳ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ‘ಬಿಡಿ, ಅದೆಲ್ಲ ಅವರವರ ಭಾವಕ್ಕೆ’ ಎಂದುಬಿಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವ ಮಾತು ಅದು. ಯಾರಿಗೂ ಬೇಜಾರಾಗಬಾರದು, ಯಾರೂ ದಡ್ಡರು ಅನ್ನಿಸಿಕೊಳ್ಳಬಾರದು ಎಂಬ ಕಾಳಜಿ ಅದರಲ್ಲಿದೆ. ಆದರೆ ಆ ಮಾತು ಬಿದ್ದ ಕೂಡಲೇ ಮಾತುಕತೆ ಮುಗಿಯುತ್ತದೆ. ಚಿತ್ರ ಗೋಡೆಯ ಮೇಲೆ ಉಳಿಯುತ್ತದೆ, ನಾವು ಕಾಫಿ ಕುಡಿಯಲು ಹೊರಡುತ್ತೇವೆ. ಕೆಲವು ತಿಂಗಳಿಂದ ಇದು ನನ್ನನ್ನು ಕೊರೆಯುತ್ತಿದೆ. ಅದಕ್ಕೆ ಕಾರಣ ನನ್ನ ಸೋದರತ್ತೆ.

ಅತ್ತೆಯ ಮನೆ ಬಾಳೆಹೊನ್ನೂರಿನ ಹತ್ತಿರ. ಕಣ್ಣು ತೋರಿಸಿಕೊಳ್ಳಲು ಚಿಕ್ಕಮಗಳೂರಿಗೆ ಬಂದಿದ್ದರು. ಒಂದು ಕಣ್ಣಿನ ಪೊರೆ ತೆಗೆಸಿ ಸ್ವಲ್ಪ ಕಾಲವಾಗಿತ್ತು, ಇನ್ನೊಂದು ಬಾಕಿ ಇತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ದಾರಿಯಲ್ಲಿ ಒಂದು ಸಭಾಂಗಣದಲ್ಲಿ ಚಿತ್ರಪ್ರದರ್ಶನ ನಡೆಯುತ್ತಿತ್ತು. ನೆರಳಿದೆ, ಕೂರಲು ಜಾಗ ಇರಬಹುದು ಎಂದು ಒಳಗೆ ಹೋದೆವು. ಕೂರಲು ಜಾಗ ಇರಲಿಲ್ಲ. ಗೋಡೆಯುದ್ದಕ್ಕೂ ಬೆಟ್ಟ, ಜಲಪಾತ, ಹುಲಿ, ಬುದ್ಧ. ಕೊನೆಯ ಗೋಡೆಗೆ ಒಂದೇ ಒಂದು ದೊಡ್ಡ ಕ್ಯಾನ್‌ವಾಸ್. ಅದರಲ್ಲಿ ಏನೂ ಇರಲಿಲ್ಲ, ಅಂದರೆ ಹೆಸರಿಟ್ಟು ಕರೆಯುವಂಥದ್ದು ಏನೂ ಇರಲಿಲ್ಲ. ಕೆಳಗೆ ಮುಕ್ಕಾಲು ಭಾಗ ಕಡು ಕೆಂಪು. ಕೆಲವು ಕಡೆ ಅದು ಕಂದಾಗಿ, ಕೆಲವು ಕಡೆ ಹತ್ತಿರ ಹತ್ತಿರ ಕಪ್ಪಾಗಿತ್ತು. ಮೇಲೆ ಅಡ್ಡಲಾಗಿ ಒಂದು ಹಳದಿ ಪಟ್ಟಿ. ಎರಡೂ ಸೇರುವಲ್ಲಿ ಗೆರೆ ಇಲ್ಲ, ಒಂದರ ಅಂಚು ಇನ್ನೊಂದರೊಳಗೆ ಸುಮ್ನೆ ಇಳಿದಿತ್ತು.

ನಾನು ಬಾಗಿಲ ಹತ್ತಿರದಿಂದಲೇ ಅದನ್ನು ನೋಡಿದೆ. ನೋಡುತ್ತಿದ್ದಂತೆ ಎದೆ ಹಗುರಾಯಿತು. ದಿನವಿಡೀ ಆಸ್ಪತ್ರೆಯ ಚೀಟಿ, ಕ್ಯೂ, ಆಟೋ ಅಂತ ಓಡಾಡಿದ ಸುಸ್ತು ಅಲ್ಲೇ ಇಳಿದ ಹಾಗಾಯಿತು. ಅತ್ತೆ ಎಂದಿನಂತೆ ತೀರಾ ಹತ್ತಿರ ಹೋಗಿ ನಿಂತರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನನ್ನ ಕೈ ಹಿಡಿದು, ‘ಬಾರೆ ಹೋಗೋಣ, ನಂಗೆ ಇದರ ಮುಂದೆ ನಿಲ್ಲಕ್ಕೆ ಆಗ್ತಿಲ್ಲ’ ಎಂದರು. ಅವರ ದನಿ ಬದಲಾಗಿತ್ತು. ಯಾಕೆ ಅತ್ತೆ ಎಂದು ಕೇಳಿದೆ. ‘ಆ ಹಳದಿ ಮೇಲಿಂದ ಒತ್ತುತ್ತೆ ಕಣೆ’ ಎಂದರು.

ನಾನು ಇದನ್ನು ಗೆಳತಿಯೊಬ್ಬಳಿಗೆ ಹೇಳಿದಾಗ ಅವಳು ಅದೇ ಮಾತು ಹೇಳಿದಳು: ಅವರವರ ಭಾವಕ್ಕೆ. ಆದರೆ ಅತ್ತೆ ತಮ್ಮ ಭಾವದ ಬಗ್ಗೆ ಹೇಳಿರಲಿಲ್ಲ, ಅಲ್ವಾ? ಹಳದಿ ಎಲ್ಲಿದೆ, ಅದು ಏನು ಮಾಡುತ್ತಿದೆ ಎಂದು ಹೇಳಿದ್ದರು. ಅದು ಚಿತ್ರದ ಬಗ್ಗೆ ಹೇಳಿದ ಮಾತು. ಹೋಗಿ ನೋಡಿದರೆ ನಮಗೂ ಕಾಣಬೇಕಾದ ಸಂಗತಿ.

ನೆನಪಿನದೇ ಕೆಲಸವೇ?

ಮೊದಲು ನನಗೂ ಬಂದ ಸುಲಭದ ಉತ್ತರ ನೆನಪು. ನಮ್ಮ ಮನೆಗಳಲ್ಲಿ ಬಣ್ಣಗಳು ಸುಮ್ಮನೆ ಬರುವುದಿಲ್ಲ. ಅರಿಶಿನ, ಕುಂಕುಮ, ಧಾರೆ ಸೀರೆ, ಹಸಿರು ಬಳೆ, ಪ್ರತಿಯೊಂದಕ್ಕೂ ಒಂದು ದಿನವಿದೆ, ಒಂದು ಮುಖವಿದೆ. ಮಾವ ತೀರಿಕೊಂಡ ಮೇಲೆ ಅತ್ತೆ ಕೆಂಪು ಸೀರೆ ಉಟ್ಟಿದ್ದನ್ನು ನಾನು ನೋಡಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಅವರೇ ಬೀರುವಿನ ಕೆಳಗಿನ ಅರೆಗೆ ಇಟ್ಟುಬಿಟ್ಟರು. ಹಾಗಾಗಿ ಆ ಚಿತ್ರದ ಕೆಂಪು ಅವರನ್ನು ಕಲಕಿರಬೇಕು ಎಂದುಕೊಂಡೆ. ಬಸ್‌ಸ್ಟ್ಯಾಂಡಿನಲ್ಲಿ ಮೆಲ್ಲಗೆ ಕೇಳಿದೆ ಕೂಡ. ಅತ್ತೆ ಹೇಳಿದ್ದು ಇಷ್ಟು: ‘ಕೆಂಪು ಎಂತ ಮಾಡುತ್ತೆ ಪಾಪ. ಅದು ಕೆಳಗೆ ಸುಮ್ನೆ ಕೂತಿದೆ.’

ಕೆಂಪಿನ ಜೊತೆ ಅಷ್ಟು ದೊಡ್ಡ ಕಥೆಯಿದ್ದ ಹೆಂಗಸಿಗೆ ಆ ಕೆಂಪಿನ ಮೇಲೆ ಬಂದದ್ದು ಕನಿಕರ. ಭಯವಾದದ್ದು ಹಳದಿಯಿಂದ. ಅರಿಶಿನದ ಬಣ್ಣ, ಶುಭದ ಬಣ್ಣ ಎಂದು ಹುಟ್ಟಿದಾಗಿನಿಂದ ಕಂಡ ಹಳದಿಯಿಂದ. ನೆನಪಿನ ಪಾಲು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ನೆನಪಿಗಿಂತ ಗಟ್ಟಿಯಾದ ಏನೋ ಕೆಲಸ ಮಾಡಿತ್ತು. ಬಣ್ಣದ ತೂಕ, ಅದು ಕೂತ ಜಾಗ, ಅದರ ಅಳತೆ, ಅದರ ಪಕ್ಕದ ಬಣ್ಣ.

ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿ 1911ರಲ್ಲಿ ಪ್ರಕಟಿಸಿದ ಪುಟ್ಟ ಪುಸ್ತಕದಲ್ಲಿ ಹಳದಿಯ ಬಗ್ಗೆ ಬರೆದಿರುವುದು ಇದಕ್ಕೆ ತೀರಾ ಹತ್ತಿರ. ಹಳದಿ ನೋಡುವವರ ಕಡೆಗೆ ಬರುತ್ತದೆ, ನೀಲಿ ತನ್ನೊಳಗೆ ಸರಿದು ದೂರ ಹೋಗುತ್ತದೆ ಎನ್ನುತ್ತಾನೆ ಆತ. ಹಳದಿ ಜಾಸ್ತಿಯಾದರೆ ಕಾಡುತ್ತದೆ, ಚುಚ್ಚುತ್ತದೆ ಎಂದೂ ಹೇಳುತ್ತಾನೆ. ಅತ್ತೆ ಆ ಪುಸ್ತಕ ಓದಿಲ್ಲ, ಆ ಹೆಸರೂ ಕೇಳಿಲ್ಲ. ಆದರೆ ಕ್ಯಾಂಡಿನ್‌ಸ್ಕಿ ಮುಂದೆ ಒಂದು ಹೆಜ್ಜೆ ಹೋಗಿ, ಒಂದೊಂದು ಬಣ್ಣಕ್ಕೆ ಒಂದೊಂದು ಆಕಾರ ಗೊತ್ತು ಮಾಡಿದ. ತ್ರಿಕೋನಕ್ಕೆ ಹಳದಿ, ಚೌಕಕ್ಕೆ ಕೆಂಪು, ವೃತ್ತಕ್ಕೆ ನೀಲಿ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ 1923ರಲ್ಲಿ ಎಲ್ಲರಿಗೂ ಒಂದು ಪ್ರಶ್ನೆಪತ್ರಿಕೆ ಹಂಚಿ, ಯಾವ ಆಕಾರಕ್ಕೆ ಯಾವ ಬಣ್ಣ ಎಂದು ತುಂಬಿಸಿಕೊಂಡ. ನಂತರದ ಕಾಲದಲ್ಲಿ ಬೇರೆ ಕಡೆ ಇದೇ ಪ್ರಶ್ನೆ ಕೇಳಿದವರಿಗೆ ಅದೇ ಉತ್ತರ ಸಿಗಲಿಲ್ಲ. ನನಗೆ ಆತನ ಕಣ್ಣಿನ ಮೇಲೆ ನಂಬಿಕೆಯಿದೆ, ಪಟ್ಟಿಯ ಮೇಲೆ ಇಲ್ಲ. ಇವತ್ತಿಗೂ ವಾಟ್ಸಾಪಿನಲ್ಲಿ ‘ಕೆಂಪು ಎಂದರೆ ಕೋಪ, ನೀಲಿ ಎಂದರೆ ಶಾಂತಿ’ ಎಂಬ ಪಟ್ಟಿಗಳು ಓಡಾಡುತ್ತವೆ. ಯಾವ ಕೆಂಪು, ಎಷ್ಟು ಕೆಂಪು, ಯಾವುದರ ಪಕ್ಕದ ಕೆಂಪು ಎಂದು ಕೇಳದೆ ಅದನ್ನು ಹೇಳಲು ಹೇಗೆ ಸಾಧ್ಯ?

ಕೊಯ್ಲಿನ ಸಂಜೆ

ಬಣ್ಣ ಒಂದೇ ಕಡೆ ನಿಲ್ಲುವುದಿಲ್ಲ ಎಂದು ನನಗೆ ಮೊದಲು ತೋರಿಸಿದ್ದು ಯಾವ ಚಿತ್ರವೂ ಅಲ್ಲ, ಅದೇ ಅತ್ತೆಯ ಮನೆಯ ಕಣ. ಡಿಸೆಂಬರ್ ರಜೆಗೆ ನಾವು ಅಲ್ಲಿಗೆ ಹೋಗುತ್ತಿದ್ದೆವು. ಅರೇಬಿಕಾ ಕಾಫಿ ಕೊಯ್ಲಿನ ಸಮಯ. ಸಂಜೆ ಹಣ್ಣು ಬಿಡಿಸಿದವರೆಲ್ಲ ಚೀಲ ಹೊತ್ತು ಕಣಕ್ಕೆ ಬರುತ್ತಿದ್ದರು. ಟಾರ್ಪಲ್ ಮೇಲೆ ಹಣ್ಣು ಸುರಿದು, ಅದರಲ್ಲಿ ಸೇರಿಕೊಂಡ ಹಸಿರು ಕಾಯಿ ಆರಿಸಿ, ಆಮೇಲೆ ತೂಕ. ತೋಟದ ಲೆಕ್ಕ ಬರೆಯುವ ರೈಟರು ಪುಸ್ತಕ ಹಿಡಿದು ಹೆಸರು ಕೂಗುತ್ತಿದ್ದರು. ನಮಗೆ ಮಕ್ಕಳಿಗೆ ಕಾಯಿ ಆರಿಸುವ ಕೆಲಸ ಕೊಡುತ್ತಿದ್ದರು, ಕೆಲಸ ಎಂದರೆ ಆಟವೇ.

ಬಿಸಿಲು ಇದ್ದಾಗ ಆ ರಾಶಿ ಉರಿಯುತ್ತಿತ್ತು. ಕೆಂಪು ಎಂದರೆ ಕಣ್ಣಿಗೆ ಬಡಿಯುವ ಕೆಂಪು. ಸುತ್ತಲಿನ ಗಿಡಗಳ ಕಡು ಹಸಿರು ಅದನ್ನು ಇನ್ನೂ ಜೋರು ಮಾಡುತ್ತಿತ್ತು. ಆ ಕೆಂಪಿನ ನಡುವೆ ಕಾಯಿ ಹುಡುಕುವುದು ಕಷ್ಟವಾಗುತ್ತಿತ್ತು, ಕಣ್ಣೆಲ್ಲ ಕೆಂಪೇ ತುಂಬಿಕೊಂಡಿರುತ್ತಿತ್ತು. ಸೂರ್ಯ ಸಿಲ್ವರ್ ಮರಗಳ ಹಿಂದೆ ಇಳಿದು ಬೆಳಕು ಮಂಕಾಗುತ್ತಿದ್ದ ಹಾಗೆ ಅದೇ ರಾಶಿ ಬೇರೆಯೇ ಆಗುತ್ತಿತ್ತು. ಕೆಂಪು ಕಂದಾಗಿ, ಕಂದು ಕಪ್ಪಾಗಿ, ಕೊನೆಗೆ ನೆಲದಲ್ಲಿ ಒಂದು ಹೊಂಡ ತೆಗೆದ ಹಾಗೆ ಕಾಣುತ್ತಿತ್ತು. ಎಲೆಗಳು ಮಾತ್ರ ಇನ್ನೂ ಕಾಣುತ್ತಿದ್ದವು. ಮಧ್ಯಾಹ್ನ ಎಷ್ಟು ಹುಡುಕಿದರೂ ಸಿಗದ ಹಸಿರು ಕಾಯಿಗಳು ಆ ಕಪ್ಪಿನ ಮೇಲೆ ಒಂದೊಂದಾಗಿ ಬೆಳ್ಳಗೆ ಎದ್ದು ಬರುತ್ತಿದ್ದವು. ಅವುಗಳನ್ನು ಆರಿಸಲು ನನಗೆ ಭಯವಾಗುತ್ತಿತ್ತು. ಹಣ್ಣಿನ ರಾಶಿ ಅದು, ಗೊತ್ತಿದೆ. ಮಧ್ಯಾಹ್ನ ಅದರ ಮೇಲೆಯೇ ಹೊರಳಾಡಿದ್ದೇನೆ. ಆದರೂ ಕೈ ಹಾಕಲು ಹಿಂಜರಿಕೆ. ಅತ್ತೆ ಲಾಟೀನು ತಂದು ಇಟ್ಟರೆ ಕೆಂಪು ಸ್ವಲ್ಪ ವಾಪಸ್ ಬರುತ್ತಿತ್ತು, ಭಯವೂ ಹೋಗುತ್ತಿತ್ತು.

ಇದಕ್ಕೆ ಕಾರಣ ಕಣ್ಣಿನೊಳಗೆ ಇದೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಜೋರು ಬೆಳಕಿನಲ್ಲಿ ನಾವು ನೋಡುವುದು ಶಂಕು ಕೋಶಗಳಿಂದ. ಕತ್ತಲಾಗುತ್ತಿದ್ದಂತೆ ಕಂಬಿ ಕೋಶಗಳು ಆ ಕೆಲಸ ವಹಿಸಿಕೊಳ್ಳುತ್ತವೆ. ಅವುಗಳಿಗೆ ನೀಲಿ, ಹಸಿರಿನ ಕಡೆಯ ಬೆಳಕು ಚೆನ್ನಾಗಿ ತಾಕುತ್ತದೆ, ಕೆಂಪು ಬಹುಪಾಲು ತಾಕುವುದೇ ಇಲ್ಲ. ಅದಕ್ಕೆ ಸಂಜೆ ಮೊದಲು ಸಾಯುವುದು ಕೆಂಪು. ಚೆಕ್ ದೇಶದ ಪುರ್ಕಿನ್ಯೆ ಎಂಬ ವಿಜ್ಞಾನಿ 19ನೇ ಶತಮಾನದ ಆರಂಭದಲ್ಲಿ ಮಬ್ಬು ಬೆಳಕಿನಲ್ಲಿ ಹೂಗಳನ್ನು ನೋಡುತ್ತಾ ಇದನ್ನು ಗುರುತಿಸಿದ. ಈ ಪರಿಣಾಮಕ್ಕೆ ಅವನದೇ ಹೆಸರಿದೆ. ನನಗೆ ಮುಖ್ಯ ಎನಿಸುವುದು ಹೆಸರಲ್ಲ. ಒಂದು ವಸ್ತು ಅಲ್ಲೇ ಇದೆ, ಅದು ಏನು ಎಂದು ಗೊತ್ತಿದೆ, ಅದರ ಅರ್ಥ ಬದಲಾಗಿಲ್ಲ. ಬಣ್ಣ ಬದಲಾಯಿತು, ಅಷ್ಟಕ್ಕೇ ಮೈ ಬೇರೆ ರೀತಿ ನಡೆದುಕೊಂಡಿತು. ಅಮೂರ್ತ ಚಿತ್ರಕಾರರು ವಸ್ತುವನ್ನು ತೆಗೆದುಹಾಕಿ ಈ ಬದಲಾವಣೆಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ ಎಂದು ನಾನು ಈಗ ಯೋಚಿಸುತ್ತೇನೆ.

ಪಕ್ಕದ ಬಣ್ಣದ ವಿಷಯಕ್ಕೆ ಒಂದು ಹಳೆಯ ಪ್ರಸಂಗವಿದೆ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಪೇಲವವಾಗಿ ಕಾಣುತ್ತದೆ ಎಂದು ದೂರು ಬಂತು. ಅಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೂಲ್ ಬಣ್ಣವನ್ನೆಲ್ಲ ಪರೀಕ್ಷಿಸಿದ. ಬಣ್ಣ ಸರಿಯಾಗಿಯೇ ಇತ್ತು. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳಿಂದಾಗಿ ಆ ಕಪ್ಪು ಸೋತಿತ್ತು. 1839ರಲ್ಲಿ ಆತ ಇದರ ಮೇಲೇ ದೊಡ್ಡ ಪುಸ್ತಕ ಬರೆದ. ನೂರು ವರ್ಷ ದಾಟಿದ ಮೇಲೆ, 1950ರಿಂದ, ಚಿತ್ರಕಾರ ಜೋಸೆಫ್ ಆಲ್ಬರ್ಸ್ ಚೌಕದೊಳಗೆ ಚೌಕ, ಅದರೊಳಗೆ ಚೌಕ ಇಟ್ಟು ಸಾವಿರಕ್ಕೂ ಹೆಚ್ಚು ಚಿತ್ರ ಮಾಡಿದ. ಆಕಾರ ಒಂದೇ, ಬದಲಾಗುವುದು ಬಣ್ಣ ಮಾತ್ರ. ಕೆಲವು ಚಿತ್ರಗಳಲ್ಲಿ ನಡುವಿನ ಚೌಕ ಮುಂದೆ ಬರುತ್ತದೆ, ಕೆಲವದರಲ್ಲಿ ದೂರದ ಕಿಟಕಿಯಾಗುತ್ತದೆ. ಅತ್ತೆಯ ಹಳದಿ ಬಿಳಿ ಗೋಡೆಯ ಮೇಲಿದ್ದರೆ ಯಾರನ್ನೂ ಒತ್ತುತ್ತಿರಲಿಲ್ಲ. ಆ ಕಪ್ಪುಗೆಂಪಿನ ಮೇಲೆ ಕೂತದ್ದರಿಂದ ಅದಕ್ಕೆ ಆ ಬಲ ಬಂತು.

ಒಂದು ಕಣ್ಣು, ಇನ್ನೊಂದು ಕಣ್ಣು

ಹಾಗಾದರೆ ಅದೇ ಹಳದಿ ನನ್ನನ್ನು ಯಾಕೆ ಒತ್ತಲಿಲ್ಲ? ಇದಕ್ಕೂ ಭಾವದ ಹೊರಗೆ ಎರಡು ಕಾರಣ ಸಿಕ್ಕವು.

ಒಂದು, ದೂರ. ನಾನು ಬಾಗಿಲಲ್ಲಿದ್ದೆ. ಅಲ್ಲಿಂದ ನನಗೆ ಚಿತ್ರದ ನಾಲ್ಕೂ ಅಂಚು ಕಾಣುತ್ತಿತ್ತು, ಸುತ್ತಲಿನ ಗೋಡೆ ಕಾಣುತ್ತಿತ್ತು. ಕೆಳಗಿನ ಕೆಂಪು ನನಗೆ ನೆಲವಾಯಿತು, ಮೇಲಿನ ಹಳದಿ ಬೆಳಕಾಯಿತು. ಅತ್ತೆ ಕೈಯಳತೆಯಲ್ಲಿ ನಿಂತಿದ್ದರು. ಅಲ್ಲಿಂದ ಅಂಚೇ ಇಲ್ಲ. ಕಣ್ಣ ಮುಂದೆ ಪೂರ್ತಿ ಕತ್ತಲ ಕೆಂಪು, ಹುಬ್ಬಿನ ಮೇಲೆ ಎಲ್ಲೋ ಹಳದಿಯ ಭಾರ. ಅಮೆರಿಕದ ಅಮೂರ್ತ ಚಿತ್ರಕಾರ ಮಾರ್ಕ್ ರಾಥ್ಕೋ ತನ್ನ ದೊಡ್ಡ ಚಿತ್ರಗಳನ್ನು ಸುಮಾರು ಒಂದೂವರೆ ಅಡಿ ದೂರದಲ್ಲಿ ನಿಂತು ನೋಡಬೇಕು ಎನ್ನುತ್ತಿದ್ದನಂತೆ. ಚಿತ್ರ ದೊಡ್ಡದಾಗಿರಬೇಕಾದ್ದು ಠೀವಿಗಲ್ಲ, ಹತ್ತಿರವಾಗಲಿಕ್ಕೆ ಎಂಬುದು ಆತನ ವಾದ. ಚಿಕ್ಕ ಚಿತ್ರವನ್ನು ನಾವು ಹೊರಗೆ ನಿಂತು ನೋಡುತ್ತೇವೆ, ದೊಡ್ಡದರಲ್ಲಿ ಒಳಗೇ ಇರುತ್ತೇವೆ. 1950ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ದುಬಾರಿ ರೆಸ್ಟೋರೆಂಟ್ ಒಂದಕ್ಕೆ ಇದೇ ಥರದ ಕಡು ಕೆಂಪು, ಕಂದು ಚಿತ್ರಗಳ ಸಾಲನ್ನೇ ಬರೆದ ರಾಥ್ಕೋ, ಆಮೇಲೆ ಅಲ್ಲಿಗೆ ಕೊಡಲು ಒಪ್ಪದೆ ಹಣ ವಾಪಸ್ ಮಾಡಿದ. ಅವುಗಳಲ್ಲಿ 9 ಚಿತ್ರಗಳು ಈಗ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿವೆ. ಆ ಚಿತ್ರಗಳ ಫೋಟೋವನ್ನು ಮೊಬೈಲಿನಲ್ಲಿ ನೋಡಿದಾಗ ನನಗೆ ಏನೂ ಆಗಲಿಲ್ಲ. ಹೆಬ್ಬೆರಳಿನಷ್ಟು ಕೆಂಪು ಯಾರನ್ನು ತಾನೇ ಒಳಗೆ ಕರೆದುಕೊಳ್ಳುತ್ತದೆ!

ಎರಡನೆಯದು ಅತ್ತೆಯ ಕಣ್ಣು. ಇದು ನನಗೆ ಆಮೇಲೆ ಹೊಳೆದದ್ದು. ಪೊರೆ ಬಂದ ಕಣ್ಣಿನ ಮಸೂರ ಹಳದಿಗಟ್ಟಿರುತ್ತದೆ. ನೀಲಿ ಮಂಕಾಗುತ್ತದೆ, ಎಲ್ಲದರ ಮೇಲೂ ಕಂದು ಛಾಯೆ ಕೂರುತ್ತದೆ. ಪೊರೆ ತೆಗೆಸಿದ ಕಣ್ಣಿಗೆ ಬಿಳಿ ತೀರಾ ಬಿಳಿ, ನೀಲಿ ತೀರಾ ನೀಲಿ. ಮುಂದಿನ ಸಲ ಊರಿಗೆ ಹೋದಾಗ ಈ ವಿಷಯ ತೆಗೆದೆ. ಅತ್ತೆ ಒಂದು ಕಣ್ಣು ಮುಚ್ಚಿ, ಮತ್ತೊಂದು ಮುಚ್ಚಿ ಅಡುಗೆಮನೆಯ ಗೋಡೆ ನೋಡಿದರು. ‘ಈ ಕಣ್ಣಲ್ಲಿ ಸುಣ್ಣ, ಆ ಕಣ್ಣಲ್ಲಿ ಹಳೇ ಪಂಚೆ’ ಎಂದರು. ಚಿತ್ರ ನೋಡುವಾಗಲೂ ಹೀಗೆ ಮಾಡಿದ್ರಾ ಎಂದರೆ, ಹೌದಂತೆ. ಹೊಸ ಕಣ್ಣಿಗೆ ಹಳದಿ ಹರಿತವಾಗಿತ್ತಂತೆ, ಹಳೇ ಕಣ್ಣಿಗೆ ಕೆಳಗಿನದೆಲ್ಲ ಕತ್ತಲೆಯಂತೆ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಆ ಹಳದಿ ಒತ್ತದೆ ಇನ್ನೇನು ಮಾಡೀತು?

ಫ್ರೆಂಚ್ ಚಿತ್ರಕಾರ ಕ್ಲಾಡ್ ಮೋನೆಗೆ ಆದದ್ದೂ ಇದೇ. 1912ರಲ್ಲಿ ಪೊರೆ ಇದೆ ಎಂದು ಡಾಕ್ಟರು ಹೇಳಿದರು. ಹತ್ತು ವರ್ಷ ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಆ ಕಾಲದಲ್ಲಿ ತನ್ನ ತೋಟದ ಸೇತುವೆಯನ್ನು ಎಷ್ಟು ಸಲ ಬರೆದ ಎಂದರೆ, ಕೊನೆಕೊನೆಗೆ ಸೇತುವೆ ಹೋಗಿ ಬರೀ ಕೆಂಪು, ಕಂದು, ಕಿತ್ತಳೆ ಬಳ್ಳಿಗಳ ಗೋಜಲು ಉಳಿಯಿತು. 1923ರಲ್ಲಿ ಬಲಗಣ್ಣಿಗೆ ಮಾತ್ರ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಬಣ್ಣಗಳೆಲ್ಲ ಸುಳ್ಳು ಹೇಳುತ್ತಿವೆ ಎಂದು ಒದ್ದಾಡಿದ, ಬಣ್ಣದ ಗಾಜಿನ ಕನ್ನಡಕ ಹಾಕಿ ನೋಡಿದ. ಆ ಕೆಂಪು ಸೇತುವೆಗಳನ್ನು ಕಣ್ಣಿನ ಕಾಯಿಲೆಯ ಲೆಕ್ಕಕ್ಕೆ ಬರೆದುಬಿಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಕೈ ಎಷ್ಟು ಪ್ರಾಮಾಣಿಕವಾಗಿ ಹಿಂಬಾಲಿಸಿತು ಎಂದರೆ, ಕಾಯಿಲೆ ಇಲ್ಲದ ನಮಗೂ ಅವುಗಳ ಮುಂದೆ ಉಸಿರು ಬಿಗಿಯಾಗುತ್ತದೆ.

ಕಂಬದ ಹತ್ತಿರ

ಆಕಾರದ ಬಗ್ಗೆ ಹೇಳಲು ನಾನು ದೂರ ಹೋಗಬೇಕಿಲ್ಲ. ಚಿಕ್ಕಮಗಳೂರಿನಿಂದ ಬೇಲೂರು ಸುಮಾರು 25 ಕಿಲೋಮೀಟರ್. ಜನ ಹೋಗುವುದು ಮದನಿಕೆಯರನ್ನು ನೋಡಲು, ಕನ್ನಡಿ ಹಿಡಿದವಳು, ಗಿಳಿ ಹಿಡಿದವಳು. ಅವರ ಚೆಲುವಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಲ್ಲಿನ ಗುಡಿಯ ನವರಂಗದ ಒಳಗೆ ತಿರುಗಣಿಯಲ್ಲಿ ಕಡೆದ ಕಂಬಗಳಿವೆ. ಅವುಗಳಲ್ಲಿ ಎಷ್ಟೋ ಕಂಬಗಳ ಮೈಮೇಲೆ ದೇವರಿಲ್ಲ, ನರ್ತಕಿಯಿಲ್ಲ, ಕಥೆಯಿಲ್ಲ. ಉಬ್ಬು, ತಗ್ಗು, ತೆಳು ಅಂಚು, ಮತ್ತೆ ಗಂಟೆಯ ಹಾಗೆ ಅರಳುವ ಬಾಗು. ಬಳಪದ ಕಲ್ಲಿನ ನುಣುಪು. ಗೋಡೆಯ ಜಾಲಂಧ್ರಗಳಿಂದ ಬರುವ ಸ್ವಲ್ಪ ಬೆಳಕು ಆ ಅಂಚುಗಳ ಮೇಲೆ ಅಡ್ಡ ಅಡ್ಡ ಗೆರೆಯಾಗಿ ನಿಲ್ಲುತ್ತದೆ. ಗೈಡುಗಳು ಟಾರ್ಚು ಹಿಡಿದು ಚಾವಣಿ ತೋರಿಸಿ ಹೊರಟುಹೋಗುತ್ತಾರೆ. ಅಲ್ಲೇ ನಿಂತುಕೊಳ್ಳಿ. ತೆಳು ಅಂಚು ಬಂದಾಗ ಮೈ ಸ್ವಲ್ಪ ಬಿಗಿಯುತ್ತದೆ, ಬಾಗು ಬಂದಾಗ ಸಡಿಲವಾಗುತ್ತದೆ. ಆ ಗುಡಿ 1117ರದ್ದು. ಅಂಚು ಎಲ್ಲಿ ಹರಿತ ಇರಬೇಕು, ಎಲ್ಲಿ ಮೃದುವಾಗಬೇಕು ಎಂದು ತಿರುಗಣಿಯ ಮುಂದೆ ಕೂತವರಿಗೆ ಚೆನ್ನಾಗಿ ಗೊತ್ತಿತ್ತು.

ಹರಿತ, ಮೃದು ಎಂಬುದು ಎಷ್ಟು ಆಳದಲ್ಲಿದೆ ಎನ್ನುವುದಕ್ಕೆ ಒಂದು ಪ್ರಯೋಗ ಪ್ರಸಿದ್ಧ. ಒಂದು ಮೊನಚು ಮೊನಚಾದ ಆಕಾರ, ಒಂದು ಉರುಟು ಆಕಾರ. ಇವುಗಳಲ್ಲಿ ಬೂಬಾ ಯಾವುದು, ಕಿಕಿ ಯಾವುದು ಎಂದು ಕೇಳಿದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನ ಮೊನಚಾದದ್ದೇ ಕಿಕಿ ಎನ್ನುತ್ತಾರೆ ಎಂದು 2001ರಲ್ಲಿ ಮಿದುಳಿನ ಅಧ್ಯಯನ ಮಾಡುವ ರಾಮಚಂದ್ರನ್ ಮತ್ತು ಹಬರ್ಡ್ ಬರೆದರು. ಮನೆಯಲ್ಲಿ ಮಕ್ಕಳ ಮುಂದೆ ಮಾಡಿ ನೋಡಿ, ಉತ್ತರ ತಕ್ಷಣ ಬರುತ್ತದೆ. ಎರಡೂ ಆಕಾರಕ್ಕೆ ಅರ್ಥವಿಲ್ಲ, ಎರಡೂ ಶಬ್ದಕ್ಕೆ ಅರ್ಥವಿಲ್ಲ. ಆದರೂ ಜೋಡಿ ಕೂಡುತ್ತದೆ. ನಾವು ನೋಡಿದ ಚಿತ್ರದಲ್ಲಿ ಹಳದಿಗೂ ಕೆಂಪಿಗೂ ನಡುವೆ ಗೆರೆ ಎಳೆದಿದ್ದರೆ ಎರಡೂ ತಮ್ಮ ತಮ್ಮ ಜಾಗದಲ್ಲಿ ಇರುತ್ತಿದ್ದವು. ಗೆರೆ ಇಲ್ಲದ್ದಕ್ಕೆ ನನಗೆ ಹಳದಿ ಕರಗಿ ಹೋಗುತ್ತಿದೆ ಅನ್ನಿಸಿತು, ಅತ್ತೆಗೆ ಇಳಿದು ಬರುತ್ತಿದೆ ಅನ್ನಿಸಿತು. ಅಂಚು ಒಂದೇ, ಅದರಿಂದ ಹೊರಟ ದಾರಿ ಎರಡು. ಎರಡಕ್ಕೂ ಆಧಾರ ಕ್ಯಾನ್‌ವಾಸಿನ ಮೇಲೆಯೇ ಇತ್ತು.

ನಮ್ಮ ಊರಿನ ಸಭಾಂಗಣಗಳಿಗೆ

ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಪ್ರದರ್ಶನ ಏರ್ಪಡಿಸುವವರು ಕಷ್ಟಪಟ್ಟು ಮಾಡುತ್ತಾರೆ. ಬಾಡಿಗೆ, ಸಾಗಾಟ, ಬರುವ ಜನ ಕಮ್ಮಿ, ಎಲ್ಲ ಗೊತ್ತು. ಆದರೂ ಕೆಲವು ಮಾತು ಹೇಳಬೇಕೆನಿಸುತ್ತದೆ. ಅಗ್ಗದ ಬಿಳಿ ಎಲ್‌ಇಡಿ ಟ್ಯೂಬುಗಳ ಬೆಳಕಿನಲ್ಲಿ ಕಡು ಕೆಂಪಿನ ಪಾಲು ತೀರಾ ಕಮ್ಮಿ. ಅದರ ಕೆಳಗೆ ಯಾವ ಕೆಂಪೂ ತನ್ನ ಪೂರ್ತಿ ಮುಖ ತೋರಿಸುವುದಿಲ್ಲ, ಕೆಸರಾಗುತ್ತದೆ. ಕಿಟಕಿ ಇದ್ದರೆ ಪರದೆ ಸರಿಸಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ 1971ರಲ್ಲಿ ತೆರೆದ ರಾಥ್ಕೋ ಪ್ರಾರ್ಥನಾ ಮಂದಿರದಲ್ಲಿ 14 ಕಪ್ಪುಗಟ್ಟಿದ ಚಿತ್ರಗಳಿವೆ, ಬೆಳಕು ಚಾವಣಿಯಿಂದ ಬರುತ್ತದೆ. ಮೋಡ ಬಂದರೆ ಚಿತ್ರ ಬದಲಾಗುತ್ತದೆ. ಮಲೆನಾಡಿನ ಮೋಡಕ್ಕೆ ನಮಗೇನು ಕೊರತೆ?

ಚಿತ್ರವನ್ನು ಒಂದು ಗೇಣು ಕೆಳಗೆ ತೂಗುಹಾಕಿ. ಎದುರಿಗೆ ಎರಡು ಕುರ್ಚಿ ಇಡಿ, ಒಂದು ಹತ್ತಿರ, ಒಂದು ದೂರ. ಜನ ಕೂತು, ಜಾಗ ಬದಲಿಸಿ, ಮತ್ತೆ ಕೂರಲಿ. ಇದರ ಅರ್ಥ ಏನು ಎಂದು ಯಾರಾದರೂ ಕೇಳಿದರೆ, ಮೊದಲು ಯಾವ ಬಣ್ಣ ಹತ್ತಿರ ಬರುತ್ತಿದೆ, ಯಾವುದು ದೂರ ಹೋಗುತ್ತಿದೆ ಎಂದು ಅವರನ್ನೇ ಕೇಳಿ. ಅತ್ತೆಯ ಎರಡನೇ ಕಣ್ಣಿನ ಪೊರೆ ತೆಗೆಯುವುದು ಮಳೆಗಾಲ ಮುಗಿದ ಮೇಲೆ ಎಂದು ಗೊತ್ತಾಗಿದೆ. ಅದಾದ ಮೇಲೆ ಅವರನ್ನು ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ‘ಅಲ್ಲಿ ಕೂರಕ್ಕೆ ಜಾಗ ಉಂಟಾ?’ ಎಂದು ಈಗಲೇ ಕೇಳುತ್ತಿದ್ದಾರೆ.